ಒಂದೇ ಸೆಲ್ಲಿನ ರೈಲಿಗೆ ದೀಪ



ಮಕ್ಕಳ ಕನ್ನಡ ತರಗತಿ ಮುಗಿದ ಮೇಲೆ ಸಂಘದ ಕೋಣೆಯ ನೆಲದಲ್ಲಿ ಆಟಿಕೆ ರೈಲಿನ ಹಳಿ ಹಾಸಿ ಕೂರುವುದು ನಮ್ಮಲ್ಲಿ ಕೆಲವರಿಗೆ ರೂಢಿಯಾಗಿಬಿಟ್ಟಿದೆ. ಮಕ್ಕಳದು ನೆಪ, ಆಡುವವರು ನಾವೇ. ಸೊಲ್ಲಾಪುರ ಮೊದಲೇ ರೈಲಿನ ಊರು. ಸೊನ್ನಲಿಗೆಯ ಸಿದ್ಧರಾಮನ ಹೆಸರು ಹೊತ್ತ ಸಿದ್ಧೇಶ್ವರ ಎಕ್ಸ್‌ಪ್ರೆಸ್ ರಾತ್ರಿ ಮುಂಬೈಗೆ ಹೊರಡುವುದನ್ನು ನೋಡುತ್ತ ಬೆಳೆದವರಿಗೆ ಈ ಹುಚ್ಚು ಹೊಸದಲ್ಲ. "ನಮ್ಮ ಮಗುವಿನ ರೈಲಿಗೂ ದೀಪ ಹಾಕಿಕೊಡಿ" ಎಂದು ಕೇಳುವವರು ಹೆಚ್ಚಾಗಿರುವುದರಿಂದ ನಾವು ಕಲಿತಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಬಳಿ ಇರುವುದರಲ್ಲಿ ಹೆಚ್ಚಿನವು ಜಪಾನಿನ ಪ್ಲಾರೈಲ್. ಟೋಮಿ ಕಂಪನಿ 1959ರಲ್ಲಿ ನೀಲಿ ಪ್ಲಾಸ್ಟಿಕ್ ಹಳಿಯ ಮೇಲೆ ಕೈಯಿಂದ ತಳ್ಳುವ ರೈಲನ್ನು ತಂದಿತು. 1961ರಲ್ಲಿ ಅದಕ್ಕೆ ಮೋಟಾರು ಬಂತು. 2006ರಲ್ಲಿ ಟೋಮಿ ಮತ್ತು ಟಕಾರಾ ಒಂದಾದವು. ಹೆಸರು ಬದಲಾದರೂ ಹಳಿ ಬದಲಾಗಲಿಲ್ಲ. ಅಂದಿನ ಹಳಿಗೆ ಇಂದಿನ ಹಳಿ ಕೂಡುತ್ತದೆ, ಎಂಟು ಬಾಗು ಹಳಿ ಸೇರಿಸಿದರೆ ಒಂದು ಸುತ್ತು. ಸಂಗ್ರಹಿಸುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಯಾರದೋ ಅಟ್ಟದಿಂದ ಇಳಿದ ನಾಲ್ಕು ಹಳಿಯೂ ವ್ಯರ್ಥವಾಗುವುದಿಲ್ಲ.

ಇಲ್ಲಿ ಹಳಿಯಲ್ಲಿ ಕರೆಂಟು ಹರಿಯುವುದಿಲ್ಲ. ಎಂಜಿನ್ನಿನ ಹೊಟ್ಟೆಯಲ್ಲಿ ಒಂದೇ ಸೆಲ್: ಹಳೆಯವುಗಳಲ್ಲಿ ದಪ್ಪನೆಯ ಸಿ ಅಳತೆಯದು, ಈಗಿನವುಗಳಲ್ಲಿ ಡಬಲ್ ಎ ಪೆನ್ಸಿಲ್ ಸೆಲ್. ಅಂದರೆ 1.5 ವೋಲ್ಟ್. ಮೋಟಾರಿಗೆ ಅಷ್ಟು ಸಾಕು, ದೀಪಕ್ಕೆ ಸಾಲದು. ಕೆಂಪು ಎಲ್‌ಇಡಿ ಹೊತ್ತಲು ಸುಮಾರು 2 ವೋಲ್ಟ್ ಬೇಕು, ಬಿಳಿಯದಕ್ಕೆ ಸುಮಾರು 3. ಒಂದು ಸೆಲ್ಲಿಗೆ ನೇರ ಜೋಡಿಸಿ "ಎಲ್‌ಇಡಿ ಕೆಟ್ಟಿದೆ" ಎಂದು ಎಸೆದವರು ನಮ್ಮಲ್ಲೇ ಇದ್ದಾರೆ. ಅದು ಕೆಟ್ಟಿರಲಿಲ್ಲ.

ಹಿಂದಿನವರು ಇದಕ್ಕೆ ಗೋಧಿ ಕಾಳಿನಷ್ಟು ಪುಟ್ಟ ತಂತಿ ಬಲ್ಬ್ ಬಳಸುತ್ತಿದ್ದರು. 1.5 ವೋಲ್ಟಿಗೇ ಹೊತ್ತುತ್ತದೆ, ಬೆಳಕೂ ಹಳದಿಯಾಗಿ ಚೆಂದ. ಆದರೆ ಬಿಸಿಯಾಗುತ್ತದೆ, ಸೆಲ್ಲನ್ನು ಬೇಗ ತಿನ್ನುತ್ತದೆ. ಎಂಜಿನ್ ನಾಲ್ಕು ಸಲ ಮೇಜಿನಿಂದ ಬಿದ್ದರೆ ಒಳಗಿನ ತಂತಿ ತುಂಡಾಗುತ್ತದೆ.

ನಮಗೆ ಒಗ್ಗಿದ ದಾರಿ ಬೇರೆ. ಅಂಗಳದಲ್ಲಿ ನೆಡುವ ಅಗ್ಗದ ಸೋಲಾರ್ ದೀಪ ಕೆಟ್ಟರೆ ಬಿಸಾಡಬೇಡಿ. ಒಂದೇ ಸೆಲ್ಲಿನ ದೀಪವಾದರೆ, 1.2 ವೋಲ್ಟನ್ನು ಏರಿಸಿ ಬಿಳಿ ಎಲ್‌ಇಡಿ ಉರಿಸುವ ಚಿಕ್ಕ ಸರ್ಕ್ಯೂಟ್ ಅದರಲ್ಲಿ ಸಿದ್ಧವಾಗಿಯೇ ಇರುತ್ತದೆ: ನಾಲ್ಕು ಕಾಲಿನ ಒಂದು ಚಿಪ್, ರೆಸಿಸ್ಟರಿನಂತೆ ಕಾಣುವ ಒಂದು ಸುರುಳಿ. ಸೋಲಾರ್ ಫಲಕದ ತಂತಿ ಕತ್ತರಿಸಿದರೆ ಸಾಮಾನ್ಯವಾಗಿ ಅದು ಸದಾ ರಾತ್ರಿಯೆಂದೇ ತಿಳಿದು ಉರಿಯುತ್ತಿರುತ್ತದೆ. ಸೆಲ್ಲಿನ ಎರಡು ತಂತಿಗಳನ್ನು ಮೋಟಾರಿನ ಎರಡು ತುದಿಗೆ ಪ್ಲಸ್, ಮೈನಸ್ ನೋಡಿ ಬೆಸೆಯಿರಿ. ಆಗ ಎಂಜಿನ್ನಿನ ಸ್ವಿಚ್ಚೇ ದೀಪಕ್ಕೂ ಸ್ವಿಚ್ಚು. ಸೆಲ್ ಇಳಿದು 1 ವೋಲ್ಟಿನ ಆಸುಪಾಸಿಗೆ ಬಂದರೂ ಬೆಳಕು ಇರುತ್ತದೆ. ಎರಡು ಅಥವಾ ಮೂರು ಸೆಲ್ಲಿನ ಬೇರೆ ಆಟಿಕೆಗಳಾದರೆ ಕೆಲಸ ಸುಲಭ: 4.5 ವೋಲ್ಟಿನಲ್ಲಿ ಬಿಳಿ ಎಲ್‌ಇಡಿಗೆ 150 ಓಮ್ ರೆಸಿಸ್ಟರ್ ಒಂದು ಸಾಕು.

ದೀಪ ಹೊತ್ತಿತು, ಆದರೆ ಎಂಜಿನ್ನೇ ಕಂದೀಲಿನಂತೆ ಹೊಳೆಯತೊಡಗಿತು! ತೆಳು ಪ್ಲಾಸ್ಟಿಕ್‌ನಲ್ಲಿ ಬೆಳಕು ಸೋರುತ್ತದೆ. ಮೊದಲ ಸಲ ನಾವು ಜಾಣರಂತೆ ಒಳಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದೆವು. ಅದು ಸೆಲ್ಲಿನ ಎರಡೂ ತುದಿಗೆ ತಗುಲಿ ಶಾರ್ಟ್ ಆಗಿ, ಕೈ ಸುಡುವಷ್ಟು ಕಾಯಿತು. ಈಗ ಒಳಗೆ ಕಪ್ಪು ಅಕ್ರಿಲಿಕ್ ಬಣ್ಣ ಬಳಿಯುತ್ತೇವೆ, ಅಷ್ಟೇ. ಹೊರಗಿನ ಬಣ್ಣದ ಮಾತು ಬೇರೆ. ಮಕ್ಕಳಿಗೆಲ್ಲ 2023ರ ಫೆಬ್ರುವರಿಯಲ್ಲಿ ಓಡಲು ಶುರುವಾದ ಮುಂಬೈ–ಸೊಲ್ಲಾಪುರ ವಂದೇ ಭಾರತ್ ಬೇಕು, ನಮಗೆ ಹಳೆಯ ನೀಲಿ ಬೋಗಿಗಳು. ಜಗಳ ಇನ್ನೂ ತೀರಿಲ್ಲ.

ಕಳೆದ ಬೇಸಿಗೆಯಲ್ಲಿ ಸದಸ್ಯರೊಬ್ಬರು ಹಳೆ ಬಟ್ಟೆಯಲ್ಲಿ ಸುತ್ತಿದ ಎಂಜಿನ್ ಒಂದನ್ನು ತಂದರು. ಹೊರದೇಶದಲ್ಲಿ ದುಡಿಯುತ್ತಿದ್ದ ಅವರ ಅಣ್ಣ ತಂದುಕೊಟ್ಟದ್ದು. ಅಣ್ಣ ಈಗಿಲ್ಲ. ಸೆಲ್ಲನ್ನು ತೆಗೆಯದೆ ಎಷ್ಟೋ ವರ್ಷ ಇಟ್ಟಿದ್ದರಿಂದ ಒಳಗೆಲ್ಲ ಬಿಳಿ ಹುಡಿ. ಅಲ್ಕಲೈನ್ ಸೆಲ್ ಸೋರಿದರೆ ಹೊರಬರುವುದು ಕ್ಷಾರ. ಕೈಗವಸು ತೊಟ್ಟು, ಹತ್ತಿ ಸುತ್ತಿದ ಕಡ್ಡಿಗೆ ನಿಂಬೆರಸ ಅಥವಾ ವಿನೆಗರ್ ಹಚ್ಚಿ ಒರೆಸಬೇಕು, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣಗಿಸುವುದು. ಹಳೆಯ ಸಾದಾ ಜಿಂಕ್ ಸೆಲ್ಲಾದರೆ ಸೋರಿದ್ದು ಆಮ್ಲೀಯ. ಅದಕ್ಕೆ ನಿಂಬೆಯಲ್ಲ, ಅಡುಗೆ ಸೋಡಾ ಬೆರೆಸಿದ ನೀರು. ಎರಡು ದಿನ ತಿಕ್ಕಿ, ತಗಡನ್ನು ಮರಳು ಕಾಗದದಿಂದ ಉಜ್ಜಿದ ಮೇಲೆ ಮೋಟಾರು ತಿರುಗಿತು. ಬಲ್ಬ್ ಮಾತ್ರ ಹೊತ್ತಲಿಲ್ಲ.

ಎಲ್‌ಇಡಿ ಹಾಕೋಣವೇ ಎಂದು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಅಣ್ಣ ಹಚ್ಚಿ ತೋರ್ಸಿದ್ ಬೆಳಕು ಹಳದಿ ಇತ್ರೀ" ಎಂದರು. ಬಿಳಿಯ ಬದಲು ಹಳದಿ ಛಾಯೆಯ ಎಲ್‌ಇಡಿ ಹುಡುಕಿ ಹಾಕಿದೆವು. ಮೂಲದ ಒಂದು ತಂತಿಯನ್ನೂ ಕತ್ತರಿಸಲಿಲ್ಲ. ಸತ್ತ ಬಲ್ಬನ್ನು ಪುಟ್ಟ ಪೊಟ್ಟಣದಲ್ಲಿ ಕಟ್ಟಿ ಅವರ ಕೈಗೇ ಕೊಟ್ಟೆವು. ಹಳೆಯ ಎಂಜಿನ್ ಮುಟ್ಟುವಾಗ ಈಗ ನಮ್ಮೆಲ್ಲರದೂ ಇದೇ ಕ್ರಮ: ಮತ್ತೆ ಮೊದಲಿನಂತೆ ಮಾಡಲಾಗದ ಕೆಲಸಕ್ಕೆ ಕೈ ಹಾಕುವುದಿಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇಷ್ಟು ಗಮನಿಸಿ. ಹಿಂದಿನ ಬೋಗಿಯ ಕೆಂಪು ದೀಪಕ್ಕೆಂದು ಕೆಲವರು ಬಟನ್ ಸೆಲ್ ಅಂಟಿಸುತ್ತಾರೆ. ಬೇಡವೇ ಬೇಡ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಡಬಹುದು. ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಿ. ಪೆನ್ಸಿಲ್ ಸೆಲ್ಲಿನದೇ ಅಳತೆಯ 14500 ಎಂಬ ಲಿಥಿಯಂ ಸೆಲ್ 3.7 ವೋಲ್ಟಿನದು. ರೈಲು ಜೋರಾಗಿ ಓಡಲೆಂದು ಅದನ್ನು ಹಾಕಿದರೆ ಮೋಟಾರು ಸುಟ್ಟೀತು. ಹೊಸ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ, 2021ರ ಜನವರಿ 1ರಿಂದ ಅದು ಕಡ್ಡಾಯ. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂಬುದನ್ನೂ ನೋಡಿ. ನಾವು ದೀಪ ಹಾಕಿದ ಮೇಲೂ ಆ ಸ್ಕ್ರೂ ತನ್ನ ಜಾಗಕ್ಕೆ ಹೋಗಲೇಬೇಕು.

ಅಟ್ಟದಲ್ಲಿ ಸುಮ್ಮನೆ ಬಿದ್ದ ರೈಲಿದ್ದರೆ ಮಕ್ಕಳ ತರಗತಿಯ ದಿನ ತನ್ನಿ. ಬೆಸುಗೆಯ ಸಾಮಾನು ನಮ್ಮಲ್ಲಿದೆ. ಸೆಲ್ಲನ್ನು ಮಾತ್ರ ಇವತ್ತೇ ತೆಗೆದಿಡಿ.