ಗೆಲಿಲಿಯೋಗೆ ಎರಡು ಮಾರ್ಕು!

ಏಳನೇ ಕ್ಲಾಸಿನ ಹುಡುಗನೊಬ್ಬನನ್ನು ನಿಲ್ಲಿಸಿ, ‘ಗೆಲಿಲಿಯೋ ಯಾರಪ್ಪ?’ ಎಂದು ಕೇಳಿ ನೋಡಿ. ‘ದೂರದರ್ಶಕ ಕಂಡುಹಿಡಿದವನು ಸಾರ್’ ಎಂದು ಒಂದೇ ಉಸಿರಿಗೆ ಒದರಿ ಕೂತುಬಿಡುತ್ತಾನೆ. ಎರಡು ಮಾರ್ಕು ಗ್ಯಾರಂಟಿ.

ಉತ್ತರ ಮಾತ್ರ ತಪ್ಪು! ಗೆಲಿಲಿಯೋಗಿಂತ ಮೊದಲೇ, 1608ರಲ್ಲಿ, ಹಾಲೆಂಡಿನ ಕನ್ನಡಕ ಮಾಡುವವರ ಕೈಯಲ್ಲಿ ಅದು ಬಂದಿತ್ತು. ಸುದ್ದಿ ಕೇಳಿದ ಗೆಲಿಲಿಯೋ 1609ರಲ್ಲಿ ತಾನೂ ಒಂದು ಮಾಡಿಕೊಂಡು ಆಕಾಶಕ್ಕೆ ತಿರುಗಿಸಿದ. ಮರುವರ್ಷ ಜನವರಿಯಲ್ಲಿ ಗುರುಗ್ರಹವನ್ನು ನಾಲ್ಕು ಚಂದ್ರರು ಸುತ್ತುವುದು ಕಂಡಿತು. ಎಲ್ಲವೂ ಭೂಮಿಯನ್ನೇ ಸುತ್ತಬೇಕು ಎಂದಿದ್ದ ಪಂಡಿತರ ಮಾತು ಅಲುಗಾಡಿತು. 1633ರಲ್ಲಿ ಎಪ್ಪತ್ತರ ಹತ್ತಿರದ ಆ ಮುದುಕನನ್ನು ರೋಮಿನ ಧರ್ಮನ್ಯಾಯಾಲಯ ಮಂಡಿಯೂರಿಸಿ, ಭೂಮಿ ತಿರುಗುತ್ತದೆಂಬ ಮಾತನ್ನು ವಾಪಸು ಪಡೆಯಿತು.

ಈ ಕಥೆ ಮಕ್ಕಳಿಗೆ ಸಿಗುವುದು ಇತಿಹಾಸದ ಪೀರಿಯಡ್ಡಿನಲ್ಲಿ. ಅವನ ಪ್ರಯೋಗದ ನಿಯಮ ಸಿಗುವುದು ವಿಜ್ಞಾನದ ಪೀರಿಯಡ್ಡಿನಲ್ಲಿ. ಎರಡರ ನಡುವೆ ಬೆಲ್ಲು ಹೊಡೆಯುತ್ತದೆ. ಕಥೆಗೂ ನಿಯಮಕ್ಕೂ ಗಂಟು ಹಾಕುವವರು ಯಾರು ಸ್ವಾಮಿ?

ಗೆಲಿಲಿಯೋ ಹತ್ತಿರ ಸೆಕೆಂಡು ತೋರಿಸುವ ವಾಚು ಇರಲಿಲ್ಲ. ಇಳಿಜಾರು ಹಲಗೆಯ ಮೇಲೆ ಗುಂಡು ಉರುಳುವಷ್ಟು ಹೊತ್ತು ಪಾತ್ರೆಯಿಂದ ಸಣ್ಣಗೆ ನೀರು ಬಿಟ್ಟ. ಆ ನೀರನ್ನು ತಕ್ಕಡಿಯಲ್ಲಿ ತೂಗಿ ಕಾಲ ಲೆಕ್ಕ ಹಾಕಿದ. ಹೊಸ ವಿಜ್ಞಾನದ ಹುಟ್ಟಿನಲ್ಲಿ ದಿನಸಿ ಅಂಗಡಿಯ ಸಾಮಾನಿಗೂ ಪಾಲಿದೆ ಅನ್ನಿ.

ಇದನ್ನು ಬಾಯಿಪಾಠ ಮಾಡಿಸದೆ, ಹುಡುಗರ ಕೈಯಲ್ಲೇ ಮಾಡಿಸಿದ ಜಿಲ್ಲೆಯೊಂದು ನಮ್ಮ ದೇಶದಲ್ಲೇ ಇತ್ತು. ಮಧ್ಯಪ್ರದೇಶದ ಹೋಷಂಗಾಬಾದ್, ಈಗ ಅದರ ಹೆಸರು ನರ್ಮದಾಪುರಂ. 1972ರಲ್ಲಿ ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಸೇರಿ 16 ಮಿಡ್ಲ್ ಸ್ಕೂಲುಗಳಲ್ಲಿ ಕೆಲಸ ಶುರು ಮಾಡಿದವು. ದೆಹಲಿ ವಿಶ್ವವಿದ್ಯಾಲಯದವರು, ಮುಂಬೈನ ಟಾಟಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದು ಹಳ್ಳಿ ಮೇಷ್ಟ್ರುಗಳ ಜತೆ ಕೂತರು. 1978ಕ್ಕೆ ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಮುಂದೆ ಹೊಣೆ ಹೊತ್ತಿತು.

ಪುಸ್ತಕದ ಹೆಸರು ‘ಬಾಲ ವೈಜ್ಞಾನಿಕ’. ಅದರ ತುಂಬ ಬರೀ ಪ್ರಶ್ನೆ, ಉತ್ತರವೇ ಇಲ್ಲ! ಹುಡುಗರು ನಾಲ್ಕು ನಾಲ್ಕು ಜನ ಗುಂಪು ಕಟ್ಟಿಕೊಂಡು ಮಾಡಿ ನೋಡಬೇಕು, ಬರೆದಿಡಬೇಕು. ಹೂ ಬಿಡಿಸಿ ನೋಡಲು ಸೂಜಿ ಇಲ್ಲವೇ? ಜಾಲಿ ಮುಳ್ಳು ಇದೆಯಲ್ಲ! 1978ರಲ್ಲಿ ಟೆಲ್ಕೋ ನೌಕರಿಗೆ ವರ್ಷದ ರಜೆ ಹಾಕಿ ಅಲ್ಲಿಗೆ ಬಂದ ಇಂಜಿನಿಯರ್ ಅರವಿಂದ ಗುಪ್ತ, ಸೈಕಲ್ ಶಾಪಿನ ವಾಲ್ವ್ ಟ್ಯೂಬು ಕತ್ತರಿಸಿ, ಬೆಂಕಿಕಡ್ಡಿ ಸಿಕ್ಕಿಸಿ, ತ್ರಿಕೋನ, ಚೌಕ, ಮನೆ ಎಲ್ಲ ಕಟ್ಟಿ ತೋರಿಸಿದರು.

ಲೋಲಕದ ಪಾಠವನ್ನೇ ನೋಡಿ. ದಾರಕ್ಕೆ ಕಲ್ಲು ಕಟ್ಟಿ ತೂಗಬಿಡುವುದು. ಭಾರದ ಕಲ್ಲು ಬೇಗ ಹೋಗಿ ಬರುತ್ತದೆಂದು ಮಕ್ಕಳಿರಲಿ, ಟೀ ಅಂಗಡಿಯಲ್ಲಿ ಕೂತ ದೊಡ್ಡವರೂ ಬಾಜಿ ಕಟ್ಟುತ್ತಾರೆ. ಎಣಿಸಿದರೆ ಭಾರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎಲ್ಲ ದಾರದ ಉದ್ದದ ಆಟ. ಒಂದು ಮೀಟರ್ ದಾರಕ್ಕೆ ಹೋಗಿ ಬರಲು ಸುಮಾರು 2 ಸೆಕೆಂಡು. ಎರಡರ ಬದಲು ಒಂದು ಸೆಕೆಂಡು ಬೇಕೆಂದರೆ ದಾರ ಅರ್ಧ ಮಾಡಿದರೆ ಸಾಲದು, ಕಾಲು ಭಾಗ ಮಾಡಬೇಕು. ಇದನ್ನು ತಾನೇ ಎಣಿಸಿ ಕಂಡ ಹುಡುಗನಿಗೆ ಗೆಲಿಲಿಯೋ ಯಾರೆಂದು ಬೇರೆ ಹೇಳಬೇಕೆ?

ಪರೀಕ್ಷೆಗೆ ಪುಸ್ತಕ ತೆಗೆದುಕೊಂಡು ಹೋಗಬಹುದಿತ್ತು. ಕಾಪಿ ಚೀಟಿಗೆ ಕೆಲಸವೇ ಇಲ್ಲ!

ಅಪ್ಪಂದಿರ ಭಯವೂ ಸುಳ್ಳಲ್ಲ. ಎಂಟನೇ ಕ್ಲಾಸು ದಾಟಿದೊಡನೆ ಅದೇ ಮಾಮೂಲಿ ಪುಸ್ತಕ, ಅದೇ ಉರು ಹೊಡೆಯುವ ಪರೀಕ್ಷೆ. ಅಲ್ಲಿ ‘ನಾನೇ ಮಾಡಿ ನೋಡಿದೆ’ ಎಂದರೆ ಯಾರು ಕೇಳುತ್ತಾರೆ? ಎಂಟರವರೆಗೆ ಒಂದು ದಾರಿ, ಒಂಬತ್ತರಿಂದ ಇನ್ನೊಂದು. ಮೇಲಿನ ಕ್ಲಾಸು ಬದಲಾಯಿಸುವ ಗೋಜಿಗೆ ಸರ್ಕಾರ ಹೋಗಲಿಲ್ಲ. 2002ರಲ್ಲಿ ಕೆಳಗಿನದನ್ನೇ ನಿಲ್ಲಿಸಿತು. ರಾಜ್ಯದ ಉಳಿದ ಮಕ್ಕಳ ಪುಸ್ತಕವೇ ಇವರಿಗೂ ಬಂತು. ದೇಶದ ವಿಜ್ಞಾನಿಗಳು ಕೂಗಾಡಿದರೂ ಹುಕುಂ ಹುಕುಮೇ. ಮೂವತ್ತು ವರ್ಷ ತರಬೇತಿ ಪಡೆದು ಪಳಗಿದ ಮೇಷ್ಟ್ರುಗಳು ಮತ್ತೆ ನೋಟ್ಸು ಬರೆಸಲು ನಿಂತರು.

ಬೆಂಕಿಕಡ್ಡಿ ಆಟ ಮಾತ್ರ ಊರೂರು ಸುತ್ತಿತು. 2018ರಲ್ಲಿ ಕೇಂದ್ರ ಸರ್ಕಾರ ಅರವಿಂದ ಗುಪ್ತರಿಗೆ ಪದ್ಮಶ್ರೀ ಕೊಟ್ಟಿತು. ಅವರು ಆ ಆಟ ಕಟ್ಟಿದ ಜಿಲ್ಲೆಯ ಶಾಲೆಗಳಲ್ಲಿ ‘ಬಾಲ ವೈಜ್ಞಾನಿಕ’ ನಿಂತು ಆಗಲೇ ಹದಿನಾರು ವರ್ಷವಾಗಿತ್ತು.