ಕವಲುದಾರಿಯ ಕತೆಗಾರ

ಕತೆ ಬರೆಯಬಲ್ಲವನಿಗೆ ವಿಡಿಯೋ ಗೇಮಿನ ಬರವಣಿಗೆ ಯಾವ ಮಹಾವಿದ್ಯೆ ಎಂಬ ಹಮ್ಮಿನಿಂದ, ಅಚ್ಚಾದ ನನ್ನ ಕತೆಗಳನ್ನು ಒಂದು ಕಂಪನಿಗೆ ಕಳುಹಿಸಿದೆನು. "ಓದಿದೆವು. ಆಡುವಂಥದೇನಾದರೂ ಇದ್ದರೆ ಕಳುಹಿಸಿ" ಎಂದು ಉತ್ತರ ಬಂದಿತು. ಮುನಿಸಾಯಿತು, ಮಾತು ಮಾತ್ರ ನಿಜವಾಗಿತ್ತು.

ಜೂಲ್ಸ್ ವರ್ನನು 1873ರ ತನ್ನ ಕಾದಂಬರಿಯಲ್ಲಿ ಎಂಬತ್ತು ದಿನಗಳ ಭೂಪ್ರದಕ್ಷಿಣೆ ಮಾಡಿಸಿದ್ದು ಒಂದೇ ದಾರಿಯಲ್ಲಿ. ಅದನ್ನು ಆಧರಿಸಿ ಇಂಗ್ಲೆಂಡಿನ ಇಂಕಲ್ ಸಂಸ್ಥೆ 2014ರಲ್ಲಿ ಹೊರತಂದ '80 ಡೇಸ್' ಆಟಕ್ಕೆ ಮೆಗ್ ಜಯಂತ್ ಪ್ರಧಾನ ಲೇಖಕಿ. ಅದರ ಬರಹ ಐದು ಲಕ್ಷ ಪದಗಳನ್ನು ಮೀರುತ್ತದೆ. ಒಮ್ಮೆ ಆಡಿದವರ ಕಣ್ಣಿಗೆ ಬೀಳುವುದು ಅದರಲ್ಲಿ ಅತ್ಯಲ್ಪ. ಯಾರೂ ತುಳಿಯದೆ ಹೋಗಬಹುದಾದ ದಾರಿಗೂ ಅಷ್ಟೇ ಶ್ರದ್ಧೆಯಿಂದ ಬರೆಯಬೇಕು.

ಕ್ರಿಸ್ ಕ್ಲಿಮಾಸ್ 2009ರಲ್ಲಿ ರಚಿಸಿದ, ಪುಕ್ಕಟೆಯಾಗಿ ದೊರೆಯುವ 'ಟ್ವೈನ್' ತಂತ್ರಾಂಶದಲ್ಲಿ, ಪ್ರೋಗ್ರಾಮಿಂಗ್ ಅರಿಯದ ನಾನೂ ಒಂದು ಪುಟ್ಟ ಆಟ ಕಟ್ಟಿದೆನು: ಊರು ಬಿಡುವ ಮಗ, ಬಾಗಿಲಲ್ಲಿ ತಾಯಿ. ಆಟಗಾರನು ಅವಳನ್ನು ಮಾತನಾಡಿಸಬಹುದು, ಸುಮ್ಮನೆ ಹೊರಡಲೂಬಹುದು. ನನ್ನ ತಂಗಿ ಸುಮ್ಮನೆ ಹೊರಟು ಬಸ್ಸು ಹತ್ತಿದಳು. ತಾಯಿಯ ಮಾತಿಗೆಂದು ನಾನು ವಾರವೆಲ್ಲ ತಿದ್ದಿದ ಪುಟ ತೆರೆಯಲೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಅಣ್ಣಾ, ಹಿಂದಕ್ಕೆ ಹೋಗಬಹುದೇ?" ಎಂದಳು.

ಆ ಆಟವನ್ನೇ ಕಳುಹಿಸಿದೆನು. ಈಗ ಅಂಗಡಿಯವನೊಬ್ಬನಿಗೆ ನಲವತ್ತು ಮಾತು ಬರೆಯುವ ಕೆಲಸ ದೊರೆತಿದೆ. ಎಲ್ಲವನ್ನೂ ಯಾರೂ ಕೇಳಲಾರರು, ಬರೆಯುತ್ತಿದ್ದೇನೆ.