ಕರಗಿದ ಕಲ್ಲಿನ ಲೆಕ್ಕ

ಕೋಲ್ಕತ್ತದಲ್ಲಿ ಕಟ್ಟಡ ಏಳುವ ಕಡೆ ಕಪ್ಪು ಜಲ್ಲಿಯ ರಾಶಿ ಕಾಣುತ್ತದೆ. ಈ ಜಲ್ಲಿಗೆ ಹೆಸರಾದ ಊರು ಜಾರ್ಖಂಡಿನ ಪಾಕುಡ್. ಅದು ರಾಜಮಹಲ್ ಬೆಟ್ಟಗಳ ಬಸಾಲ್ಟ್; ಸುಮಾರು 11.7 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಗಟ್ಟಿಯಾದ ಕಲ್ಲು. ಜಲ್ಲಿ ಒಡೆಯುವಾಗ ಉಳಿಯುವ ನುಣ್ಣನೆಯ ಪುಡಿಗೆ ಈಗ ಇನ್ನೊಂದು ಕೆಲಸ ಸಿಕ್ಕಿದೆ: ಗಾಳಿಯ ಇಂಗಾಲವನ್ನು ಸೆರೆಹಿಡಿಯುವುದು. ಬೆಂಗಳೂರಿನ ಆಲ್ಟ್ ಕಾರ್ಬನ್ ಕಂಪನಿ ರಾಜಮಹಲ್ ಬಸಾಲ್ಟಿನ ಪುಡಿಯನ್ನು ಉತ್ತರ ಬಂಗಾಳದ ಚಹಾ ತೋಟಗಳ ಮಣ್ಣಿಗೆ ಹಾಕಿಸುತ್ತಿದೆ. ಇದಕ್ಕೆ ಬೇಕಾದ ಸಂಶೋಧನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಕೈಜೋಡಿಸಿದೆ.

ಮಣ್ಣಿಗಿಳಿದ ಮಳೆನೀರು ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತೆಳುವಾದ ಆಮ್ಲವಾಗುತ್ತದೆ. ಆಮ್ಲ ತಾಗಿದ ಕಲ್ಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಟ್ಟುಕೊಡುತ್ತದೆ. ಇಂಗಾಲ ಬೈಕಾರ್ಬೊನೇಟ್ ಆಗಿ ನೀರಿನಲ್ಲಿ ಬೆರೆತು, ನದಿ ಹಿಡಿದು ಕಡಲು ಸೇರಿ, ಸಾವಿರಾರು ವರ್ಷ ಅಲ್ಲೇ ಉಳಿಯುತ್ತದೆ. ಇದೇ ಶಿಲಾ ಶಿಥಿಲೀಕರಣ. ಉತ್ತರ ಕರ್ನಾಟಕದ ಎರೆಭೂಮಿ ಹುಟ್ಟಿದ್ದೂ ಬಹುಪಾಲು ಬಸಾಲ್ಟ್ ಹೀಗೆ ಸವೆದೇ. ಪುಡಿಗೆ ನೀರು ತಾಗುವ ಮೈ ಹೆಚ್ಚು, ಹಾಗಾಗಿ ಸವೆತವೂ ಬೇಗ.

ಪುಡಿ ಎರಚುವುದು ಸುಲಭ. ಎಷ್ಟು ಕರಗಿತೆಂದು ಹೇಳುವುದರಲ್ಲಿ ನಿಜವಾದ ಕಸುಬಿದೆ. ಪುಡಿ ಹಾಕುವ ಮೊದಲೇ ತೋಟದ ಹಲವು ಕಡೆಯಿಂದ ಮಣ್ಣು ತೆಗೆಯುತ್ತಾರೆ. ಪುಡಿ ಹಾಕದ ಒಂದು ಪಟ್ಟಿಯನ್ನು ಹೋಲಿಕೆಗೆಂದು ಬಿಡುತ್ತಾರೆ. ಮಳೆಗಾಲ ಕಳೆದ ಮೇಲೆ ಅದೇ ಜಾಗಗಳಲ್ಲಿ, ಅದೇ ಆಳಕ್ಕೆ ಮತ್ತೆ ಅಗೆಯುತ್ತಾರೆ. ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಅರೆದು, ಪ್ರಬಲ ಆಮ್ಲಗಳಲ್ಲಿ ಕರಗಿಸಿ, ಒಂದೊಂದು ಧಾತುವನ್ನೂ ಎಣಿಸುವ ಯಂತ್ರಕ್ಕೆ ಕೊಡುತ್ತಾರೆ.

ಇಲ್ಲಿ ನೆರವಿಗೆ ಬರುವುದು ಟೈಟಾನಿಯಂ. ಬಸಾಲ್ಟಿನಲ್ಲಿರುವ ಈ ಲೋಹ ಬಹುತೇಕ ಕರಗದು, ಹಾಕಿದಲ್ಲೇ ಕೂರುತ್ತದೆ. ಮಣ್ಣಿನಲ್ಲಿ ಹೆಚ್ಚಿದ ಟೈಟಾನಿಯಂ ನೋಡಿದರೆ ಎಷ್ಟು ಪುಡಿ ಬಿದ್ದಿತ್ತೆಂದು ತಿಳಿಯುತ್ತದೆ. ಅಷ್ಟು ಪುಡಿಯಲ್ಲಿ ಇರಬೇಕಾಗಿದ್ದ ಕ್ಯಾಲ್ಸಿಯಂ ಎಷ್ಟು ಕಡಿಮೆಯಾಗಿದೆಯೋ ಅಷ್ಟು ಕರಗಿ ಹೋಯಿತು. ಉಳಿದದ್ದನ್ನು ನೋಡಿ ಹೋದದ್ದನ್ನು ಅಳೆಯುವ ಈ ಜಾಣ್ಮೆಗೆ ನಾನು ತಲೆದೂಗುತ್ತೇನೆ.

ಆದರೂ ಲೆಕ್ಕ ಮುಗಿಯದು. ಸಾರಜನಕ ಗೊಬ್ಬರದಿಂದ ಹುಟ್ಟುವ ಆಮ್ಲವೂ ಕಲ್ಲನ್ನು ಕರಗಿಸುತ್ತದೆ. ಆಗ ಇಂಗಾಲ ಸೆರೆಯಾಗುವುದಿಲ್ಲ. ಅರೆಯುವ ವಿದ್ಯುತ್ತು, ಸಾಗಿಸುವ ಲಾರಿಯ ಡೀಸೆಲ್ಲು ಉಗುಳಿದ ಇಂಗಾಲವನ್ನೂ ಕಳೆಯಬೇಕು. ಇಂಗಾಲ ನಿಜವಾಗಿ ಸೆರೆಯಾಯಿತೇ ಎಂದು ತಿಳಿಯಲು ಮಣ್ಣಿನಿಂದ ಬಸಿದ ನೀರನ್ನೂ ಪರೀಕ್ಷಿಸುತ್ತಾರೆ. ಆ ನೀರನ್ನು ಸೋಸಿ, ಒಂದು ಗುಳ್ಳೆ ಗಾಳಿಯೂ ಉಳಿಯದಂತೆ ಸೀಸೆಯ ಕಂಠದವರೆಗೆ ತುಂಬಿ, ಬಿರಡೆ ಬಿಗಿದು, ತಣ್ಣಗಿಟ್ಟು ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಅಲ್ಲಿ ಆಮ್ಲವನ್ನು ಹನಿಹನಿಯಾಗಿ ಬಿಟ್ಟು ಬೈಕಾರ್ಬೊನೇಟ್ ಎಷ್ಟಿದೆಯೆಂದು ಎಣಿಸುತ್ತಾರೆ.